ಫ್ರೀಡ್‌ಲಾಂಡ್ ಯುದ್ಧದ ನಕ್ಷೆ ಬಿಡಿಸುವುದು ಹೇಗೆ: ನದಿ ಮೊದಲು, ಸೈನ್ಯ ಕೊನೆಗೆ

ಫ್ರೀಡ್‌ಲಾಂಡ್ ಯುದ್ಧ ಎಂದರೆ 1807ರಲ್ಲಿ ನೆಪೋಲಿಯನ್‌ನ ಫ್ರೆಂಚ್ ಸೈನ್ಯ ರಷ್ಯನ್ನರನ್ನು ಸೋಲಿಸಿದ ಯುದ್ಧ. ಅದರ ಬಗ್ಗೆ ಓದಿ, ನಕ್ಷೆ ಬಿಡಿಸಲು ಕೂತವರು ಹೆಚ್ಚಾಗಿ ಒಂದೇ ಕಡೆ ಎಡವುತ್ತಾರೆ. ಹಾಳೆಯ ನಡುವೆ ಒಂದು ನದಿ ಎಳೆಯುತ್ತಾರೆ. ಆಚೆ ದಡದಲ್ಲಿ ರಷ್ಯನ್ನರು, ಈಚೆ ದಡದಲ್ಲಿ ಫ್ರೆಂಚರು. ನೋಡೋಕೆ ಚೆನ್ನಾಗಿಯೇ ಇರುತ್ತದೆ. ಆದರೆ ಆಮೇಲೆ ಒಂದು ಬಾಣವೂ ಸರಿಯಾಗಿ ಕೂರುವುದಿಲ್ಲ. ನೇ (Ney) ಎಂಬ ಫ್ರೆಂಚ್ ಮಾರ್ಷಲ್ ಯಾಕೆ ಬಲಗಡೆಯಿಂದ ನುಗ್ಗಿದ? ಸೇತುವೆ ಸುಟ್ಟಿದ್ದರಿಂದ ಯಾರಿಗೆ ತೊಂದರೆಯಾಯಿತು? ಸಂಜೆ ಐದೂವರೆಗೆ ಶುರುವಾದ ದಾಳಿ ಅದೇ ದಿನ ಮುಗಿದದ್ದು ಹೇಗೆ? ಒಂದಕ್ಕೂ ನಕ್ಷೆ ಉತ್ತರ ಕೊಡುವುದಿಲ್ಲ.

ಕಾರಣ ಸರಳ. ಈ ಯುದ್ಧದಲ್ಲಿ ನದಿ ಎರಡು ಸೈನ್ಯಗಳ ನಡುವೆ ಇರಲಿಲ್ಲ. ರಷ್ಯನ್ನರ ಬೆನ್ನ ಹಿಂದೆ ಇತ್ತು. ಅವರು ನದಿ ದಾಟಿ ಬಂದು, ನೀರಿಗೆ ಬೆನ್ನು ಹಾಕಿ ನಿಂತಿದ್ದರು. ಇದೊಂದು ಮಾತು ತಲೆಯಲ್ಲಿಟ್ಟುಕೊಂಡು ಕೆಳಗಿನ ಕ್ರಮದಲ್ಲೇ ಹೋಗಿ. ಕ್ರಮ ಬದಲಿಸಬೇಡಿ. ನಾನು ಮೊದಲ ಸಲ ಸೈನ್ಯಗಳನ್ನು ಮೊದಲು ಬಿಡಿಸಿ, ಆಮೇಲೆ ಅವುಗಳ ಮಧ್ಯೆ ನದಿಯನ್ನು ತೂರಿಸಲು ಹೋಗಿ ಮೂರು ಹಾಳೆ ಹಾಳು ಮಾಡಿದ್ದೆ.

## ಏನೇನು ಬೇಕು

ಒಂದು ಎ3 ಹಾಳೆ, ಸ್ವಲ್ಪ ದಪ್ಪಗಿರಲಿ. ಅದೇ ಅಳತೆಯ ಟ್ರೇಸಿಂಗ್ ಹಾಳೆ ನಾಲ್ಕು. ಎಚ್‌ಬಿ ಪೆನ್ಸಿಲ್, ಒಳ್ಳೆ ರಬ್ಬರ್, ಸ್ಕೇಲು. ನೀಲಿ, ಹಸಿರು, ಕಂದು, ಕೆಂಪು ಬಣ್ಣದ ಪೆನ್ಸಿಲ್. ಟ್ರೇಸಿಂಗ್ ಹಾಳೆ ಜರುಗದಂತೆ ಹಿಡಿಯಲು ನಾಲ್ಕು ಕ್ಲಿಪ್. ಉಪಗ್ರಹ ಚಿತ್ರ ತೋರಿಸುವ ಯಾವುದಾದರೂ ಮ್ಯಾಪ್ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ತೆರೆದಿರಲಿ.

ಟ್ರೇಸಿಂಗ್ ಹಾಳೆ ಬೇಡ, ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಹಾಕುತ್ತೇನೆ ಅಂತ ಹೊರಡಬೇಡಿ. ಬೆಳಗಿನ ಜಾವದಿಂದ ರಾತ್ರಿವರೆಗಿನ ಬಾಣಗಳೆಲ್ಲ ಒಂದರ ಮೇಲೊಂದು ಬಿದ್ದರೆ ಅದು ನಕ್ಷೆಯಲ್ಲ, ಶಾವಿಗೆ.

## ಹಂತ 1: ಸರಿಯಾದ ಊರನ್ನು ಹುಡುಕಿ

‘ಫ್ರೀಡ್‌ಲಾಂಡ್’ ಎಂದು ಹುಡುಕಿದರೆ ಬೇರೆ ಬೇರೆ ಊರುಗಳು ಬರುತ್ತವೆ. ಜರ್ಮನಿಯಲ್ಲೇ ಆ ಹೆಸರಿನ ಊರು ಒಂದಕ್ಕಿಂತ ಜಾಸ್ತಿ ಇವೆ. ನಮಗೆ ಬೇಕಾದದ್ದು ಅವು ಯಾವುವೂ ಅಲ್ಲ. ಆಗ ಅದು ಪೂರ್ವ ಪ್ರಷ್ಯಾದ ಊರು. ಈಗ ರಷ್ಯಾದ ಕಲಿನಿನ್‌ಗ್ರಾಡ್ ಪ್ರಾಂತ್ಯದಲ್ಲಿದೆ, ಹೆಸರು ಪ್ರಾವ್ದಿನ್ಸ್ಕ್. ಹುಡುಕುವಾಗ ಈ ಹೊಸ ಹೆಸರನ್ನೇ ಹಾಕಿ.

ಎರಡನೇ ಮಹಾಯುದ್ಧದ ನಂತರ ಆ ಭಾಗದ ಹೆಸರುಗಳೆಲ್ಲ ಬದಲಾದವು. ನಿಮಗೆ ಬೇಕಾಗುವ ಕೆಲವನ್ನು ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳಿ. ಕ್ಯೋನಿಗ್ಸ್‌ಬೆರ್ಗ್ ಈಗ ಕಲಿನಿನ್‌ಗ್ರಾಡ್. ಅಲೆನ್‌ಬುರ್ಗ್ ಈಗ ದ್ರುಝ್ಬಾ. ಡೋಮ್ನೌ ಈಗ ಡೊಮ್ನೊವೊ. ಐಲೌ ಈಗ ಬಗ್ರಾತಿಯೋನೊವ್ಸ್ಕ್. ಈ ಕೊನೆಯ ಹೆಸರು ಬಂದದ್ದು ನಮ್ಮ ನಕ್ಷೆಯಲ್ಲೇ ಬರುವ ಒಬ್ಬ ರಷ್ಯನ್ ಸೇನಾಪತಿಯಿಂದ, ಬಗ್ರಾತಿಯೋನ್‌ನಿಂದ.

ನದಿಗೂ ಮೂರು ಹೆಸರು. ಜರ್ಮನ್ನರಿಗೆ ಆಲೆ, ಪೋಲೆಂಡಿನವರಿಗೆ ವಿನಾ, ರಷ್ಯನ್ನರಿಗೆ ಲಾವಾ. ಯುದ್ಧದ ವಿವರಗಳಲ್ಲಿ ಬರುವುದು ಆಲೆ. ನಾವೂ ಅದನ್ನೇ ಬಳಸೋಣ. ಒಬ್ಬರು ಆಲೆ ಮತ್ತು ಲಾವಾ ಎಂದು ಎರಡು ನದಿ ಬಿಡಿಸಿದ್ದನ್ನು ನೋಡಿದ್ದೇನೆ. ತಪ್ಪು ಅವರದ್ದಲ್ಲ ಬಿಡಿ, ಹೆಸರುಗಳದ್ದು.

## ಹಂತ 2: ಉತ್ತರ ದಿಕ್ಕು ಮತ್ತು ಅಳತೆ

ಹಾಳೆಯನ್ನು ಉದ್ದಕ್ಕೆ, ಅಂದರೆ ನೆಟ್ಟಗೆ ಇಟ್ಟುಕೊಳ್ಳಿ. ಮೇಲ್ಗಡೆ ಉತ್ತರ. 1 ಕಿಲೋಮೀಟರಿಗೆ 3 ಸೆಂಟಿಮೀಟರ್ ಎಂದು ಅಳತೆ ಇಟ್ಟರೆ ಉತ್ತರ-ದಕ್ಷಿಣ 14 ಕಿಲೋಮೀಟರ್, ಪೂರ್ವ-ಪಶ್ಚಿಮ ಸುಮಾರು 10 ಕಿಲೋಮೀಟರ್ ಹಿಡಿಯುತ್ತದೆ. ಕಾಳಗ ನಡೆದ ಜಾಗಕ್ಕೆ ಇಷ್ಟು ಸಾಕು.

ಊರನ್ನು ಹಾಳೆಯ ಮಧ್ಯದಲ್ಲಿ ಇಡಬೇಡಿ, ಬಲ ಅಂಚಿನ ಕಡೆ ಇಡಿ. ಕಾಳಗ ನಡೆದದ್ದೆಲ್ಲ ಊರಿನ ಪಶ್ಚಿಮಕ್ಕೆ, ಅಂದರೆ ನಿಮ್ಮ ಎಡಕ್ಕೆ. ಪೂರ್ವದಲ್ಲಿ ನದಿ ಮತ್ತು ಆಚೆ ದಡದ ಒಂದು ಪಟ್ಟಿ ಕಂಡರೆ ಸಾಕು. ನೆಪೋಲಿಯನ್ ಬಂದ ಐಲೌ, ಡೋಮ್ನೌ ಕಡೆಯ ಜಾಗ ಹಾಳೆಯಲ್ಲಿ ಹಿಡಿಯುವುದಿಲ್ಲ. ಪಶ್ಚಿಮದ ಅಂಚಿನಲ್ಲಿ ಒಂದು ಬಾಣ ಹಾಕಿ ‘ಡೋಮ್ನೌ ಕಡೆಗೆ’ ಎಂದು ಬರೆದರೆ ಆಯಿತು. ಅದನ್ನೂ ಒಳಗೆ ತುರುಕಲು ಅಳತೆ ಕುಗ್ಗಿಸಿದರೆ ಊರಿನ ಹತ್ತಿರದ ಹಳ್ಳವೇ ಕಾಣದಂತಾಗುತ್ತದೆ. ಆ ಹಳ್ಳ ಇಲ್ಲದೆ ನಮ್ಮ ಕೆಲಸ ನಡೆಯುವುದಿಲ್ಲ.

## ಹಂತ 3: ನದಿ

ಇನ್ನು ಆಲೆ ನದಿ. ಅದು ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ನೀಲಿ ಪೆನ್ಸಿಲಿನಿಂದ ಗೆರೆ ಎಳೆದ ಕೂಡಲೇ ಹರಿವಿನ ಬಾಣ ಹಾಕಿ. ಇದನ್ನು ಬಿಟ್ಟವರೇ ಮುಂದೆ ಎಡದಂಡೆ, ಬಲದಂಡೆಯಲ್ಲಿ ಸಿಕ್ಕಿ ಒದ್ದಾಡುವುದು.

ದಂಡೆಯ ಲೆಕ್ಕ ಗೊತ್ತಲ್ವಾ? ನೀರು ಹರಿಯುವ ಕಡೆ ಮುಖ ಮಾಡಿ ನಿಂತರೆ ಎಡಗೈ ಕಡೆಯದ್ದು ಎಡದಂಡೆ. ಆಲೆ ಉತ್ತರಕ್ಕೆ ಹರಿಯುವುದರಿಂದ ಎಡದಂಡೆ ಎಂದರೆ ಪಶ್ಚಿಮ ದಡ. ಫ್ರೀಡ್‌ಲಾಂಡ್ ಊರು ಇರುವುದು ಆ ಪಶ್ಚಿಮ ದಡದಲ್ಲೇ. ರಷ್ಯನ್ ಸೇನಾಪತಿ ಬೆನಿಗ್ಸನ್ ಪೂರ್ವದಿಂದ ಬಂದ. ನದಿ ದಾಟಿ, ಊರು ಹಿಡಿದು, ಅದನ್ನೂ ದಾಟಿ ಬಯಲಿಗೆ ಬಂದ.

ನದಿಯನ್ನು ನೆಟ್ಟಗೆ ಎಳೆಯಬೇಡಿ. ಅದು ಇಲ್ಲಿ ಸುತ್ತಿ ಬಳಸಿ ಹರಿಯುತ್ತದೆ. ಊರು ಒಂದು ತಿರುವಿನ ಮಡಿಲಲ್ಲಿ ಕೂತಿದೆ. ಉಪಗ್ರಹ ಚಿತ್ರ ನೋಡಿ ತಿರುವುಗಳನ್ನು ಆದಷ್ಟು ಹಾಗೆಯೇ ಇಳಿಸಿ. ದಡಗಳು ಕಡಿದಾಗಿವೆ ಎಂದು ತೋರಿಸಲು ನೀರಿನ ಎರಡೂ ಬದಿಗೆ ಕಂದು ಬಣ್ಣದಲ್ಲಿ ಸಣ್ಣ ಸಣ್ಣ ಗೀಟು ಹಾಕಿ.

ಒಂದು ಎಚ್ಚರಿಕೆ. 20ನೇ ಶತಮಾನದಲ್ಲಿ ಇಲ್ಲಿ ನದಿಗೆ ಅಡ್ಡಕಟ್ಟಿ ಜಲವಿದ್ಯುತ್ ಘಟಕ ಮಾಡಿದ್ದಾರೆ. ಆದ್ದರಿಂದ ಇವತ್ತಿನ ಚಿತ್ರದಲ್ಲಿ ಕಾಣುವ ನೀರಿನ ಅಗಲ 1807ರದ್ದು ಎಂದು ನಂಬಬೇಡಿ. ಚಿತ್ರದಿಂದ ತಿರುವುಗಳನ್ನು ಮಾತ್ರ ತೆಗೆದುಕೊಳ್ಳಿ, ಅಗಲವನ್ನು ಬಿಡಿ.

## ಹಂತ 4: ಗಿರಣಿ ಹಳ್ಳ

ನಕ್ಷೆಯ ಜೀವ ಇರುವುದು ಇಲ್ಲಿ. ಹೆಚ್ಚಿನವರು ಬಿಡುವುದೂ ಇದನ್ನೇ.

ಪಶ್ಚಿಮದಿಂದ ಪೂರ್ವಕ್ಕೆ ಒಂದು ಹಳ್ಳ ಹರಿದು ಬಂದು ಊರಿನ ಹತ್ತಿರ ಆಲೆಯನ್ನು ಸೇರುತ್ತದೆ. ಗಿರಣಿ ಹಳ್ಳ ಎಂದು ಕರೆಯೋಣ, ಅದರ ಹೆಸರಿನ ಅರ್ಥವೂ ಅದೇ. ಊರಿನ ಉತ್ತರ ಮಗ್ಗುಲಲ್ಲಿ ಅದು ಒಂದು ಕೆರೆಯಾಗಿ ನಿಂತಿತ್ತು. ನೀರು ಜಾಸ್ತಿ ಇರಲಿಲ್ಲ. ಆದರೆ ದಡ ಆಳವಾಗಿತ್ತು. ಸಾಲುಗಟ್ಟಿ ನಿಂತ ಸೈನಿಕರು, ಕುದುರೆ, ಫಿರಂಗಿ ಗಾಡಿ ಎಲ್ಲೆಂದರಲ್ಲಿ ದಾಟುವ ಹಾಗಿರಲಿಲ್ಲ.

ಈ ಹಳ್ಳವನ್ನು ಎಳೆದು ಒಂದು ನಿಮಿಷ ಪೆನ್ಸಿಲ್ ಕೆಳಗಿಟ್ಟು ಹಾಳೆ ನೋಡಿ. ಊರಿನ ಮುಂದಿನ ಬಯಲು ಎರಡು ತುಂಡಾಗಿದೆ. ಹಳ್ಳದ ಉತ್ತರಕ್ಕೆ ಒಂದು, ದಕ್ಷಿಣಕ್ಕೆ ಒಂದು. ದಕ್ಷಿಣದ ತುಂಡಿಗೆ ಒಂದು ಕಡೆ ಹಳ್ಳ, ಇನ್ನೊಂದು ಕಡೆ ನದಿ. ಊರಿನ ಕಡೆಗೆ ಹೋದಷ್ಟೂ ಅದು ಕಿರಿದಾಗುತ್ತದೆ. ಎಣ್ಣೆ ಸುರಿಯುವ ಆಲಿಕೆ ನೋಡಿದ್ದೀರಲ್ಲ, ಹಾಗೆ. ಅಗಲವಾದ ಬಾಯಿ ಪಶ್ಚಿಮಕ್ಕೆ, ಸಣ್ಣ ಕೊಳವೆ ಊರಿಗೆ.

ನಿಮ್ಮ ಹಾಳೆಯಲ್ಲಿ ಆ ಆಲಿಕೆ ಕಾಣುತ್ತಿಲ್ಲ ಎಂದರೆ ಮುಂದೆ ಹೋಗಬೇಡಿ. ಹಳ್ಳವನ್ನು ತೀರಾ ಉತ್ತರಕ್ಕೆ ಎಳೆದಿರುತ್ತೀರಿ, ಇಲ್ಲವೇ ನದಿಯನ್ನು ನೆಟ್ಟಗೆ ಮಾಡಿರುತ್ತೀರಿ. ಅಳಿಸಿ, ಮತ್ತೆ ಎಳೆಯಿರಿ.

## ಹಂತ 5: ಸೇತುವೆಗಳು

ಊರಿನಿಂದ ಪೂರ್ವ ದಡಕ್ಕೆ ಮೊದಲೇ ಒಂದು ಸೇತುವೆ ಇತ್ತು. ಅದರ ಜೊತೆಗೆ ಬೆನಿಗ್ಸನ್ ದೋಣಿಗಳ ಮೇಲೆ ಹಲಗೆ ಹಾಸಿ ಮೂರು ತೇಲು ಸೇತುವೆ ಕಟ್ಟಿಸಿದ. ಎಲ್ಲವೂ ಊರಿನ ಆಸುಪಾಸಿನಲ್ಲೇ. ಹಳ್ಳದ ಆಚೀಚೆ ಓಡಾಡಲೂ ಅವನು ಸಣ್ಣ ಸೇತುವೆಗಳನ್ನು ಹಾಕಿಸಿದ್ದ.

ನದಿಯ ಸೇತುವೆಗಳನ್ನು ದಪ್ಪ ಕೆಂಪು ಗೆರೆಯಲ್ಲಿ, ಹಳ್ಳದ ಸೇತುವೆಗಳನ್ನು ತೆಳು ಕೆಂಪು ಗೆರೆಯಲ್ಲಿ ಹಾಕಿ. ಎರಡನ್ನೂ ಒಂದೇ ದಪ್ಪದಲ್ಲಿ ಹಾಕಿದರೆ ನೋಡುವವರು ಬೆರಕೆ ಮಾಡಿಕೊಳ್ಳುತ್ತಾರೆ.

ಈಗ ಉತ್ತರದ ತುಂಡಿನಲ್ಲಿ ನಿಂತ ಒಬ್ಬ ರಷ್ಯನ್ ಸಿಪಾಯಿಯನ್ನು ಊಹಿಸಿಕೊಳ್ಳಿ. ಅವನಿಗೆ ವಾಪಸ್ ಹೋಗಬೇಕು. ನದಿ ಅವನ ಬೆನ್ನ ಹಿಂದೆಯೇ ಇದೆ, ಆದರೆ ಅಲ್ಲಿ ಸೇತುವೆ ಇಲ್ಲ. ಮೊದಲು ಊರಿಗೆ ಬರಬೇಕು, ಆಮೇಲೆ ಸೇತುವೆ. ಊರು ಕೈತಪ್ಪಿದರೆ? ಈ ಪ್ರಶ್ನೆ ನಿಮ್ಮ ಮನಸ್ಸಿಗೆ ತಾನಾಗಿಯೇ ಬಂದರೆ ನಕ್ಷೆ ಸರಿದಾರಿಯಲ್ಲಿದೆ. ನೆಪೋಲಿಯನ್ ಅವತ್ತು ಮಧ್ಯಾಹ್ನ ನೋಡಿದ್ದೂ ಇದನ್ನೇ.

## ಹಂತ 6: ಹಳ್ಳಿ, ಕಾಡು, ದಾರಿ

ಇದನ್ನು ಬೇಗ ಮುಗಿಸಿ. ಊರಿನ ಪಶ್ಚಿಮಕ್ಕೆ ಮೂರು-ನಾಲ್ಕು ಕಿಲೋಮೀಟರ್ ದೂರದಲ್ಲಿ, ಹಳ್ಳದ ಪಕ್ಕದಲ್ಲಿ ಪೋಸ್ಟ್‌ಹೇನೆನ್. ಫ್ರೆಂಚರ ನಡುಭಾಗ ಇದ್ದದ್ದು ಅಲ್ಲಿ. ಅದರ ಉತ್ತರಕ್ಕೆ ಹೈನ್‌ರಿಕ್ಸ್‌ಡಾರ್ಫ್. ದಕ್ಷಿಣದಲ್ಲಿ ಸೋರ್ಟ್‌ಲಾಕ್ ಕಾಡು, ನದಿಯ ಕಡೆಗೆ. ಊರಿನ ಉತ್ತರಕ್ಕೆ, ನದಿಯ ದಡದಲ್ಲಿ ಕ್ಲೋಶೇನೆನ್. ಈ ಕೊನೆಯದನ್ನು ಬಿಡಬೇಡಿ, ರಾತ್ರಿ ಬೇಕಾಗುತ್ತದೆ.

ದಾರಿಗಳಲ್ಲಿ ಎರಡು ಸಾಕು. ಪೋಸ್ಟ್‌ಹೇನೆನ್ ಮೂಲಕ ಪಶ್ಚಿಮಕ್ಕೆ ಹೋಗುವುದು, ಹೈನ್‌ರಿಕ್ಸ್‌ಡಾರ್ಫ್ ಮೂಲಕ ಕ್ಯೋನಿಗ್ಸ್‌ಬೆರ್ಗ್ ಕಡೆಗೆ ಹೋಗುವುದು. ಇವತ್ತಿನ ಡಾಂಬರು ರಸ್ತೆ, ರೈಲು ಹಳಿ ನಕ್ಷೆಗೆ ಬೇಡ.

## ಹಂತ 7: ಎಡ-ಬಲದ ಚೀಟಿ

ಸೈನ್ಯ ಹಾಕುವ ಮೊದಲು ಒಂದು ಸಣ್ಣ ಚೀಟಿ ಮಾಡಿ ಹಾಳೆಯ ಕೆಳ ಅಂಚಿನಲ್ಲಿ ಅಂಟಿಸಿ. ಸುಮ್ನೆ ಹೇಳುತ್ತಿಲ್ಲ, ಇದಿಲ್ಲದೆ ನನಗೂ ಇವತ್ತಿಗೂ ತಪ್ಪುತ್ತದೆ.

ಫ್ರೆಂಚರ ಮುಖ ಪೂರ್ವಕ್ಕೆ. ಅವರ ಬಲ ಎಂದರೆ ದಕ್ಷಿಣ, ಎಡ ಎಂದರೆ ಉತ್ತರ.
ರಷ್ಯನ್ನರ ಮುಖ ಪಶ್ಚಿಮಕ್ಕೆ. ಅವರ ಎಡ ಎಂದರೆ ದಕ್ಷಿಣ.
ನದಿಯ ಎಡದಂಡೆ ಎಂದರೆ ಪಶ್ಚಿಮ.

ನೋಡಿ, ‘ಎಡ’ ಎಂಬ ಒಂದೇ ಪದಕ್ಕೆ ಮೂರು ದಿಕ್ಕು. ‘ಬಗ್ರಾತಿಯೋನ್ ಎಡಗಡೆ ಇದ್ದ’ ಎಂದು ಒಂದು ಪುಸ್ತಕ ಹೇಳಿದರೆ ಅದು ರಷ್ಯನ್ನರ ಎಡ, ಅಂದರೆ ದಕ್ಷಿಣ. ‘ಮೋರ್ತಿಯೆ ಎಡಗಡೆ ಇದ್ದ’ ಎಂದರೆ ಅದು ಫ್ರೆಂಚರ ಎಡ, ಅಂದರೆ ಉತ್ತರ. ಇಬ್ಬರನ್ನೂ ಎದುರುಬದುರು ನಿಲ್ಲಿಸಿದರೆ ಕೆಲಸ ಕೆಟ್ಟಿತು. ನಿಮ್ಮ ನಕ್ಷೆಯಲ್ಲಿ ಎಡ, ಬಲ ಎಂಬ ಪದಗಳನ್ನೇ ಬರೆಯಬೇಡಿ. ಉತ್ತರ, ದಕ್ಷಿಣ ಎಂದೇ ಬರೆಯಿರಿ.

## ಹಂತ 8: ಸೈನ್ಯಗಳು, ಗಂಟೆಯ ಲೆಕ್ಕದಲ್ಲಿ

ತಳದ ನಕ್ಷೆ ಮುಗಿಯಿತು. ಇನ್ನು ಅದನ್ನು ಮುಟ್ಟಬೇಡಿ. ಸೈನ್ಯವೆಲ್ಲ ಟ್ರೇಸಿಂಗ್ ಹಾಳೆಗಳ ಮೇಲೆ. ಫ್ರೆಂಚರಿಗೆ ನೀಲಿ, ರಷ್ಯನ್ನರಿಗೆ ಹಸಿರು. ಪ್ರತಿ ಹಾಳೆಯ ಮೂಲೆಯಲ್ಲಿ ದಿನಾಂಕ ಮತ್ತು ಗಂಟೆ ಬರೆಯಿರಿ. ದಿನ 1807ರ ಜೂನ್ 14.

ಮೊದಲ ಹಾಳೆ, ಬೆಳಗಿನ ಜಾವ. ಹಿಂದಿನ ಸಂಜೆಯೇ ರಷ್ಯನ್ ಕುದುರೆದಳ ಊರಿನಿಂದ ಫ್ರೆಂಚ್ ಕುದುರೆದಳವನ್ನು ಓಡಿಸಿತ್ತು. ಈಗ ಪೋಸ್ಟ್‌ಹೇನೆನ್ ಸುತ್ತ ಮಾರ್ಷಲ್ ಲಾನ್‌ನ ಸಣ್ಣ ಪಡೆ. ಎದುರಿಗೆ ಸೇತುವೆಗಳಿಂದ ಇಳಿದು ಅರ್ಧ ವೃತ್ತದಂತೆ ಹರಡಿಕೊಳ್ಳುತ್ತಿರುವ ರಷ್ಯನ್ನರು. ಲಾನ್‌ನ ಗುರುತುಗಳನ್ನು ಚಿಕ್ಕದಾಗಿ, ನಡುನಡುವೆ ಖಾಲಿ ಬಿಟ್ಟು ಹಾಕಿ. ಒಂಟಿ ಸಿಕ್ಕ ಈ ಪಡೆಯನ್ನು ಮುಗಿಸಿಬಿಡೋಣ ಎಂದೇ ಬೆನಿಗ್ಸನ್ ನದಿ ದಾಟಿದ್ದ. ಅದು ಎಷ್ಟು ಚಿಕ್ಕದಾಗಿತ್ತು ಎಂಬುದು ಕಣ್ಣಿಗೆ ಬೀಳಬೇಕು.

ಎರಡನೇ ಹಾಳೆ, ಬೆಳಿಗ್ಗೆ ಹತ್ತು ಗಂಟೆ ಸುಮಾರು. ಮೋರ್ತಿಯೆಯ ಪಡೆ ಬಂದು ಸೇರಿಕೊಳ್ಳುತ್ತಿದೆ. ಫ್ರೆಂಚರು ಈಗ ಸುಮಾರು 35,000. ದಕ್ಷಿಣದಲ್ಲಿ ಸೋರ್ಟ್‌ಲಾಕ್ ಕಾಡಿನೊಳಗೆ ಎಳೆದಾಟ, ಉತ್ತರದಲ್ಲಿ ಹೈನ್‌ರಿಕ್ಸ್‌ಡಾರ್ಫ್ ಸುತ್ತ ಗ್ರೂಶಿಯ ಕುದುರೆದಳದ ಕಾದಾಟ. ಇವೆರಡಕ್ಕೂ ಹೋಗಿಬರುವ ಎರಡು ತುದಿಯ ಬಾಣ ಹಾಕಿ. ರಷ್ಯನ್ನರು ಈಗ ಎರಡು ಗುಂಪು: ಹಳ್ಳದ ಉತ್ತರಕ್ಕೆ ಗೊರ್ಚಕೋವ್, ದಕ್ಷಿಣಕ್ಕೆ ಬಗ್ರಾತಿಯೋನ್. ಒಂದು ಭಾಗ ಮತ್ತು ಒಂದಷ್ಟು ಫಿರಂಗಿಗಳು ಪೂರ್ವ ದಡದಲ್ಲೇ ಉಳಿದವು. ಆ ಫಿರಂಗಿಗಳನ್ನು ನದಿಯ ಆಚೆ ಗುರುತಿಸುವುದು ಮರೆಯಬೇಡಿ, ಸಂಜೆ ನೇ ಅವುಗಳ ಏಟು ತಿನ್ನುತ್ತಾನೆ.

ಮೂರನೇ ಹಾಳೆ, ಸಂಜೆ ಐದೂವರೆ ಸುಮಾರು. ಮಧ್ಯಾಹ್ನದ ಹೊತ್ತಿಗೆ ನೆಪೋಲಿಯನ್ ಬಂದಾಗಿದೆ. ನೇ, ವಿಕ್ಟರ್ ಎಂಬ ಸೇನಾಪತಿಗಳ ಪಡೆಗಳು ಮತ್ತು ಗಾರ್ಡ್, ಅಂದರೆ ನೆಪೋಲಿಯನ್‌ನ ಸ್ವಂತ ಕಾವಲು ಪಡೆ ಬಂದು ಸೇರಿ ಫ್ರೆಂಚರು ಸುಮಾರು 80,000 ಆಗಿದ್ದಾರೆ. ದಕ್ಷಿಣದಲ್ಲಿ ನೇ, ನಡುವೆ ಲಾನ್, ಉತ್ತರದಲ್ಲಿ ಮೋರ್ತಿಯೆ, ಹಿಂದೆ ವಿಕ್ಟರ್ ಮತ್ತು ಗಾರ್ಡ್. ಪೋಸ್ಟ್‌ಹೇನೆನ್‌ನಿಂದ ಫಿರಂಗಿಗಳು ಒಟ್ಟಿಗೆ ಸಿಡಿದದ್ದೇ ದಾಳಿಯ ಸನ್ನೆ.

ಈ ಹಾಳೆಯಲ್ಲಿ ಒಂದೇ ಒಂದು ದಪ್ಪ ಬಾಣ ಇರಬೇಕು. ಸೋರ್ಟ್‌ಲಾಕ್ ಕಾಡಿನಿಂದ ಹೊರಟು ನದಿಯನ್ನು ತನ್ನ ಬಲಕ್ಕೆ ಇಟ್ಟುಕೊಂಡು ಊರಿನ ಕಡೆಗೆ ಹೋಗುವ ನೇಯ ಬಾಣ. ಅದು ಆಲಿಕೆಯೊಳಗೆ ಇಳಿಯುತ್ತದೆ. ಎಲ್ಲರೂ ಒಟ್ಟಿಗೆ ನುಗ್ಗಿದರು ಅಂದುಕೊಂಡು ಮೂರು ದಪ್ಪ ಬಾಣ ಹಾಕುವುದು ಸಾಮಾನ್ಯ ತಪ್ಪು. ಉತ್ತರದ ಮೋರ್ತಿಯೆಗೆ ಇದ್ದ ಅಪ್ಪಣೆ ಮುಂದೆ ಹೋಗಬೇಡ ಎಂದೇ. ಬಾಗಿಲು ತಿರುಗುವಾಗ ಕೀಲು ಇದ್ದಲ್ಲೇ ಇರುತ್ತದಲ್ಲ, ಅವನು ಆ ಕೀಲು. ಅವನ ಮುಂದೆ ಬಾಣ ಬೇಡ, ಒಂದು ಚುಕ್ಕೆ ಇಡಿ.

ಇಲ್ಲಿ ಓದುಗರಿಗೆ ಬರುವ ಇನ್ನೊಂದು ಅನುಮಾನ: ಸಂಜೆ ಐದೂವರೆಗೆ ಇಷ್ಟು ದೊಡ್ಡ ದಾಳಿ ಶುರು ಮಾಡುತ್ತಾರಾ? ನಮ್ಮ ಕಡೆ ಜೂನ್ ತಿಂಗಳ ಹಗಲು 13 ಗಂಟೆ. ಅಲ್ಲಿ ಸುಮಾರು 17 ಗಂಟೆ. ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಮಬ್ಬು ಬೆಳಕು ಇರುತ್ತದೆ. ಹಾಳೆಯ ಮೂಲೆಯಲ್ಲಿ ಗಂಟೆಯ ಪಕ್ಕ ಒಂದು ಪುಟ್ಟ ಸೂರ್ಯನನ್ನು ಬಿಡಿಸಿದರೆ ಈ ಪ್ರಶ್ನೆಯೇ ಬರುವುದಿಲ್ಲ.

ನಾಲ್ಕನೇ ಹಾಳೆ ರಾತ್ರಿ ಎಂಟರ ನಂತರದ್ದು. ಅದನ್ನು ಈಗಲೇ ತುಂಬಬೇಡಿ. ಮೊದಲು ಫಿರಂಗಿಗಳ ಕೆಲಸ ಮುಗಿಸೋಣ.

## ಹಂತ 9: ಫಿರಂಗಿಗಳಿಗೆ ಬೇರೆ ಚೌಕ

ನೇಯ ದಾಳಿ ಸಲೀಸಾಗಿ ಸಾಗಲಿಲ್ಲ. ಎದುರಿನಿಂದಲೂ ನದಿಯ ಆಚೆಯಿಂದಲೂ ಫಿರಂಗಿ ಏಟು ಬಿತ್ತು. ಕುದುರೆದಳ ಮೇಲೆ ಬಿತ್ತು. ಅವನ ಸಾಲುಗಳು ಮುರಿದು ಹಿಂದೆ ಸರಿದವು. ಆದ್ದರಿಂದ ಆ ದಪ್ಪ ಬಾಣವನ್ನು ಕಾಡಿನಿಂದ ಊರಿನವರೆಗೆ ಒಂದೇ ಏಟಿಗೆ ಎಳೆಯಬೇಡಿ. ನಡುವೆ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಬಾಗಿಸಿ, ಮತ್ತೆ ಮುಂದುವರಿಸಿ.

ಆ ಬಾಗಿದ ಜಾಗದಲ್ಲಿ ಬರುವವನು ಸೆನಾರ್ಮೋನ್. ವಿಕ್ಟರ್‌ನ ಪಡೆಯ ಫಿರಂಗಿಗಳ ಅಧಿಕಾರಿ. ಅವನು ಸುಮಾರು 30 ಫಿರಂಗಿಗಳನ್ನು ಒಟ್ಟುಗೂಡಿಸಿ, ಕಾಲಾಳುಗಳ ಹಿಂದೆ ನಿಲ್ಲದೆ, ಅವರಿಗಿಂತ ಮುಂದೆ ತಳ್ಳಿಕೊಂಡು ಹೋದ. ಒಂದಷ್ಟು ಹೊಡೆತ, ಮತ್ತೆ ಮುಂದಕ್ಕೆ, ಮತ್ತೆ ಹೊಡೆತ. ಕೆಲವು ನೂರು ಮೀಟರಿನಿಂದ ಶುರುವಾಗಿ ಕೊನೆಗೆ ರಷ್ಯನ್ ಸಾಲುಗಳ ತೀರಾ ಹತ್ತಿರಕ್ಕೆ ಬಂದು, ಡಬ್ಬಿಯಲ್ಲಿ ತುಂಬಿದ ಸಣ್ಣ ಗುಂಡುಗಳನ್ನು ಎರಚಿದ. ಆಲಿಕೆಯ ಕಿರಿದಾದ ತುದಿಯಲ್ಲಿ ಒತ್ತೊತ್ತಾಗಿ ನಿಂತ ಕಾಲಾಳುಗಳಿಗೆ ಪಕ್ಕಕ್ಕೆ ಸರಿಯಲೂ ಜಾಗವಿರಲಿಲ್ಲ.

ಇದನ್ನು ನಮ್ಮ ಅಳತೆಯಲ್ಲಿ ಬಿಡಿಸಲು ಆಗುವುದಿಲ್ಲ. 100 ಮೀಟರ್ ಎಂದರೆ ಹಾಳೆಯಲ್ಲಿ 3 ಮಿಲಿಮೀಟರ್, ಪೆನ್ಸಿಲ್ ಮೊನೆಯೇ ಅಷ್ಟು ಜಾಗ ತಿನ್ನುತ್ತದೆ. ಮೂರನೇ ಟ್ರೇಸಿಂಗ್ ಹಾಳೆಯ ಕೆಳಗಿನ ಎಡ ಮೂಲೆಯಲ್ಲಿ 10 ಸೆಂಟಿಮೀಟರ್ ಚೌಕ ಹಾಕಿ. ಅದಕ್ಕೆ ಬೇರೆ ಅಳತೆ: 50 ಮೀಟರಿಗೆ 1 ಸೆಂಟಿಮೀಟರ್. ಅದರಲ್ಲಿ ಫಿರಂಗಿಗಳ ಸಾಲನ್ನು ಮೂರು ಕಡೆ, ಹಂತಹಂತವಾಗಿ ಮುಂದೆ ಬರುವಂತೆ ಹಾಕಿ. ಮೊದಲನೆಯದು ತೆಳು, ಕೊನೆಯದು ದಪ್ಪ. ಚೌಕದ ಪಕ್ಕ ಅದರ ಅಳತೆಯನ್ನು ಬರೆಯಲೇಬೇಕು. ಬರೆಯದೆ ಬಿಟ್ಟರೆ ಫಿರಂಗಿಗಳು ಕಿಲೋಮೀಟರುಗಟ್ಟಲೆ ಓಡಿದಂತೆ ಕಾಣುತ್ತದೆ.

ಇನ್ನೊಂದು ಬಾಣ ಇಲ್ಲಿಗೇ ಸೇರಬೇಕು. ವಿಕ್ಟರ್‌ನ ಪಡೆಯ ದ್ಯುಪೋನ್ ತನ್ನ ವಿಭಾಗವನ್ನು ತಂದು ನೇಯ ಸಹಾಯಕ್ಕೆ ನಿಂತ. ಅದನ್ನು ಚೌಕದಲ್ಲಲ್ಲ, ಅದೇ ಮೂರನೇ ಹಾಳೆಯ ದೊಡ್ಡ ಅಳತೆಯ ಜಾಗದಲ್ಲೇ ತೆಳ್ಳಗೆ ಹಾಕಿ, ಪೋಸ್ಟ್‌ಹೇನೆನ್ ಕಡೆಯಿಂದ ಹಳ್ಳದ ಪಕ್ಕದಲ್ಲೇ ಊರಿನತ್ತ.

## ಹಂತ 10: ಊರು ಬಿದ್ದ ಮೇಲೆ

ಈಗ ನಾಲ್ಕನೇ ಹಾಳೆ. ಎಂಟು ಗಂಟೆ ಹೊತ್ತಿಗೆ ನೇಯ ಸೈನಿಕರು ಊರಿನೊಳಗೆ. ಊರಿಗೆ ಬೆಂಕಿ ಬಿದ್ದಿದೆ, ಸೇತುವೆಗಳೂ ಉರಿಯುತ್ತಿವೆ. ಕೆಂಪು ಗೆರೆಗಳ ಮೇಲೆ ಟ್ರೇಸಿಂಗ್ ಹಾಳೆಯಲ್ಲಿ ಅಡ್ಡ ಗುರುತು ಹಾಕಿ. ತಳದ ಹಾಳೆಯಲ್ಲಿ ಸೇತುವೆ ಇದ್ದೇ ಇರಲಿ, ಅದು ಬೆಳಗಿನ ಸ್ಥಿತಿ.

ಗೊರ್ಚಕೋವ್ ಇನ್ನೂ ಹಳ್ಳದ ಉತ್ತರಕ್ಕಿದ್ದಾನೆ. ಅವನ ಮುಂದೆ ಲಾನ್ ಮತ್ತು ಮೋರ್ತಿಯೆ, ಹಳ್ಳ ದಾಟಿ ಪಕ್ಕದಿಂದ ಬರುತ್ತಿರುವ ದ್ಯುಪೋನ್. ಅವನ ಜನ ಊರಿನೊಳಕ್ಕೆ ನುಗ್ಗಿ ದಾರಿ ಮಾಡಿಕೊಳ್ಳಲು ನೋಡಿದರು. ಸೇತುವೆ ಇರಲಿಲ್ಲ. ಆಗ ಸಿಕ್ಕಿದ್ದು ಕ್ಲೋಶೇನೆನ್ ಹತ್ತಿರದ ಕಡವು, ಅಂದರೆ ನದಿಗೆ ಇಳಿದೇ ದಾಟಬಹುದಾದ ಜಾಗ. ಅಲ್ಲಿ ನೀರಿಗಿಳಿದು ಬಹಳಷ್ಟು ಜನ ದಾಟಿದರು, ಹಲವರು ಮುಳುಗಿದರು. ಒಂದಷ್ಟು ಕುದುರೆದಳ ಮತ್ತು ಫಿರಂಗಿಗಳು ದಾಟದೆ ಎಡದಂಡೆಯಲ್ಲೇ ಉತ್ತರಕ್ಕೆ, ಅಲೆನ್‌ಬುರ್ಗ್ ಕಡೆಗೆ ಹೋದವು.

ಇಲ್ಲಿ ಮೂರು ಹಸಿರು ಬಾಣ ಬೇಕು. ಒಂದು ಊರಿನ ಕಡೆ ಹೋಗಿ ಅಲ್ಲೇ ನಿಲ್ಲುವುದು. ಒಂದು ಕ್ಲೋಶೇನೆನ್‌ನಲ್ಲಿ ನದಿ ದಾಟುವುದು. ಒಂದು ದಡದಗುಂಟ ಹಾಳೆಯಿಂದ ಹೊರಕ್ಕೆ ಹೋಗುವುದು. ಕಡವನ್ನು ಸೇತುವೆಯ ಗುರುತಿನಲ್ಲಿ ತೋರಿಸಬೇಡಿ. ನೀರಿನ ಮೇಲೆ ಮೂರು ಚುಕ್ಕೆ ಇಟ್ಟರೆ ಸಾಕು. ಉತ್ತರದಲ್ಲಿದ್ದ ಫ್ರೆಂಚ್ ಕುದುರೆದಳ ಈ ಹೊತ್ತಿನಲ್ಲಿ ಬಿರುಸಾಗಿ ಬೆನ್ನಟ್ಟಲಿಲ್ಲ. ಅಲ್ಲಿ ನೀಲಿ ಬಾಣ ಹಾಕಿ ಅವರಿಗೆ ಇಲ್ಲದ ಹುರುಪು ಕೊಡಬೇಡಿ.

ಸತ್ತವರ, ಗಾಯಗೊಂಡವರ ಲೆಕ್ಕ ಹಾಕಬೇಕೆಂದರೆ ‘ಸುಮಾರು’ ಎಂಬ ಪದ ಬಿಡಬೇಡಿ. ರಷ್ಯನ್ನರ ನಷ್ಟವನ್ನು ಸಾಮಾನ್ಯವಾಗಿ 18,000ದಿಂದ 20,000 ಎನ್ನುತ್ತಾರೆ, ಫ್ರೆಂಚರದ್ದು 8,000ದಿಂದ 12,000. ರಷ್ಯನ್ ಸೈನ್ಯದ ಒಟ್ಟು ಗಾತ್ರವೂ 46,000 ಎಂದು ಒಂದು ಕಡೆ, 60,000 ಎಂದು ಇನ್ನೊಂದು ಕಡೆ ಸಿಗುತ್ತದೆ. ಒಬ್ಬರು ನದಿ ದಾಟಿದವರನ್ನು ಮಾತ್ರ ಎಣಿಸಿದರೆ ಇನ್ನೊಬ್ಬರು ಪೂರ್ವ ದಡದವರನ್ನೂ ಸೇರಿಸಿರಬಹುದು. ಯಾವ ಅಂಕಿ ಬರೆದರೂ ‘ಎಡದಂಡೆಯಲ್ಲಿ’ ಅಥವಾ ‘ಒಟ್ಟು’ ಎಂದು ಪಕ್ಕದಲ್ಲಿ ಸೇರಿಸಿ.

## ನಕ್ಷೆ ಕೆಟ್ಟಿದೆ ಎಂದು ತಿಳಿಯುವುದು ಹೇಗೆ

ನೇಯ ಬಾಣ ಎಲ್ಲಾದರೂ ಆಲೆ ನದಿಯನ್ನು ದಾಟುತ್ತಿದ್ದರೆ ಊರನ್ನು ತಪ್ಪು ದಡದಲ್ಲಿ ಇಟ್ಟಿದ್ದೀರಿ. ಹಂತ 3ಕ್ಕೆ ವಾಪಸ್ ಹೋಗಿ.

ಗೊರ್ಚಕೋವ್ ಮತ್ತು ಬಗ್ರಾತಿಯೋನ್ ನಡುವೆ ಏನೂ ಅಡ್ಡವಿಲ್ಲದೆ ಒಂದೇ ಸಾಲಾಗಿ ನಿಂತಿದ್ದರೆ ಹಳ್ಳ ಬಿಟ್ಟುಹೋಗಿದೆ.

ಮೂರನೇ ಹಾಳೆಯಲ್ಲಿ ನೀಲಿ ಬಾಣಗಳೆಲ್ಲ ಒಂದೇ ದಪ್ಪ ಇದ್ದರೆ, ಯಾವ ಕಡೆಯಿಂದ ಪೆಟ್ಟು ಬಿತ್ತು ಎಂದು ನೋಡುವವರಿಗೆ ತಿಳಿಯುವುದಿಲ್ಲ. ಮೋರ್ತಿಯೆ ನೇಗಿಂತ ಮೊದಲೇ ಊರು ತಲುಪಿಬಿಟ್ಟ ನಕ್ಷೆಯನ್ನೂ ಕಂಡಿದ್ದೇನೆ. ಬಿಡಿಸಿದವರು ಬಣ್ಣ ತುಂಬಾ ಚೆನ್ನಾಗಿ ಹಾಕಿದ್ದರು.

ನಾಲ್ಕು ಟ್ರೇಸಿಂಗ್ ಹಾಳೆಗಳನ್ನು ಒಂದೊಂದಾಗಿ ತಳದ ಹಾಳೆಯ ಮೇಲಿಟ್ಟು ನೋಡಿ. ಯಾವುದೋ ಒಂದು ಪಡೆ ಒಂದು ಹಾಳೆಯಿಂದ ಮುಂದಿನ ಹಾಳೆಗೆ ಹಾರಿ ಕೂತಂತೆ ಕಂಡರೆ ನಡುವೆ ಬಾಣ ಹಾಕಿಲ್ಲ ಎಂದರ್ಥ.

ಕೊನೆಯ ಪರೀಕ್ಷೆಗೆ ಮನೆಯಲ್ಲಿ ಯಾರನ್ನಾದರೂ ಕರೆಯಿರಿ, ಈ ಯುದ್ಧದ ಹೆಸರೇ ಕೇಳದವರಾದರೆ ಇನ್ನೂ ಒಳ್ಳೆಯದು. ಮೂರನೇ ಹಾಳೆಯನ್ನು ಮೇಲಿಟ್ಟು, ಗೊರ್ಚಕೋವ್ ಇರುವ ಜಾಗದಲ್ಲಿ ಅವರ ಬೆರಳು ಇರಿಸಿ, ‘ಇವನನ್ನು ಆಚೆ ದಡಕ್ಕೆ ಕರೆದುಕೊಂಡು ಹೋಗು’ ಎನ್ನಿ. ಬೆರಳು ಹಳ್ಳ ದಾಟಿ, ಊರಿನೊಳಗೆ ಬಂದು, ಸೇತುವೆ ಹತ್ತಬೇಕು. ಆಮೇಲೆ ನಾಲ್ಕನೇ ಹಾಳೆ ಇಟ್ಟು ಅದನ್ನೇ ಮತ್ತೆ ಕೇಳಿ. ಬೆರಳು ಊರಿನ ಬಾಗಿಲಲ್ಲಿ ನಿಂತು, ಹಿಂದೆ ಸರಿದು, ನದಿಯಗುಂಟ ಮೇಲಕ್ಕೆ ಹೋಗಿ ಆ ಮೂರು ಚುಕ್ಕೆಗಳನ್ನು ಹುಡುಕಿತೋ ಇಲ್ಲವೋ ನೋಡಿ.